ಒಂಬತ್ತು ಬೆರಳಿನ ಫ್ರೋಡೊ

ಟೋಲ್ಕಿನ್ನರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿಯನ್ನು ಮೊದಲ ಸಲ ಓದಿದಾಗ, ಹೊತ್ತವರ ಮನಸ್ಸನ್ನೇ ವಶಮಾಡಿಕೊಳ್ಳುವ ಆ ಕೇಡಿನ ಉಂಗುರ ಬೆಂಕಿಗೆ ಬಿದ್ದ ನಂತರದ ಅಧ್ಯಾಯಗಳನ್ನು ನಾನು ಅವಸರದಲ್ಲಿ ದಾಟಿಬಿಟ್ಟಿದ್ದೆ. ಈಗ ಆ ಪುಸ್ತಕವನ್ನು ಕೈಗೆತ್ತಿಕೊಳ್ಳುವುದೇ ಆ ಅಧ್ಯಾಯಗಳಿಗಾಗಿ.

ಉಂಗುರವನ್ನು ನಾಶಮಾಡಿದ್ದು ಕಥಾನಾಯಕ ಫ್ರೋಡೊ ಅಲ್ಲ ಎಂಬುದು ನಮಗೆ ಎಷ್ಟು ಸುಲಭವಾಗಿ ಮರೆತುಹೋಗುತ್ತದೆ! ಮೌಂಟ್ ಡೂಮ್ ಬೆಟ್ಟದ ಬೆಂಕಿಯ ಅಂಚಿನವರೆಗೂ ಅದನ್ನು ಹೊತ್ತು ತಂದವನು, ಎಸೆಯಬೇಕಾದ ಗಳಿಗೆಯಲ್ಲಿ ಅದು ತನ್ನದೆಂದು ಸಾರಿ ಬೆರಳಿಗೆ ತೊಟ್ಟುಕೊಂಡ. ಒಮ್ಮೆ ಆ ಉಂಗುರವನ್ನು ಇಟ್ಟುಕೊಂಡಿದ್ದು, ಅದಕ್ಕಾಗಿ ಬೆನ್ನುಹತ್ತಿ ಬಂದಿದ್ದ ಗೊಲ್ಲಮ್ ಆ ಬೆರಳನ್ನೇ ಕಚ್ಚಿ ಕಿತ್ತು, ಉಂಗುರದ ಸಮೇತ ಕಾಲುಜಾರಿ ಬಿದ್ದದ್ದರಿಂದ ಲೋಕ ಉಳಿಯಿತು. ಆಮೇಲೆ ಸೇನೆಗೆ ಸೇನೆಯೇ ಫ್ರೋಡೊನನ್ನು ಕೊಂಡಾಡುತ್ತದೆ, ಅರಸನಾಗಲಿರುವ ಅರಗೋರ್ನ್ ಅವನೆದುರು ಮಂಡಿಯೂರುತ್ತಾನೆ, ಗಾಯಕನೊಬ್ಬ ಒಂಬತ್ತು ಬೆರಳಿನ ಫ್ರೋಡೊನ ಕಥೆಯನ್ನು ಹಾಡುತ್ತಾನೆ. ಕೇಳಿದವರಿಗೆಲ್ಲ ಬಿರುದಾಗಿ ಕೇಳಿಸಿದ ಆ ಹೆಸರು, ಉಂಗುರವನ್ನು ಬಿಡಲಾರದೆ ಹೋದ ಆ ಒಂದು ಗಳಿಗೆಯನ್ನು ಅವನಿಗೆ ಮತ್ತೆ ಮತ್ತೆ ನೆನಪಿಸಿರಲೇಬೇಕು ಎಂದು ನನಗೆ ಅನ್ನಿಸುತ್ತದೆ.

1963ರಲ್ಲಿ ಓದುಗರೊಬ್ಬರಿಗೆ ಬರೆದ ಪತ್ರದಲ್ಲಿ ಟೋಲ್ಕಿನ್ ಇದನ್ನು ನೈತಿಕ ಸೋಲೆಂದು ಒಪ್ಪುವುದಿಲ್ಲ. ತಿಂಗಳುಗಟ್ಟಲೆ ನರಳಿ, ಹಸಿದು, ಬಳಲಿದ ಜೀವಕ್ಕೆ ಆ ಕೊನೆಯ ಗಳಿಗೆಯಲ್ಲಿ ಉಂಗುರದ ಒತ್ತಡವನ್ನು ತಾಳಿಕೊಳ್ಳುವುದು ಅಸಾಧ್ಯವಾಗಿತ್ತು ಎನ್ನುತ್ತಾರೆ. ಆದರೆ ಫ್ರೋಡೊ ತನ್ನನ್ನು ತಾನು ಹಾಗೆ ಕ್ಷಮಿಸಲಿಲ್ಲ ಎಂಬುದನ್ನೂ ಅದೇ ಪತ್ರದಲ್ಲಿ ಬರೆಯುತ್ತಾರೆ. ವೀರನಾಗಿ ಮರಳಬೇಕಿತ್ತೆಂಬ ಆಸೆ ಅವನೊಳಗೆ ಉಳಿದಿತ್ತು. ಅದಕ್ಕಿಂತ ಕತ್ತಲಾದದ್ದು, ಉಂಗುರ ಇಲ್ಲವಾಯಿತಲ್ಲ ಎಂಬ ಹಂಬಲ. ನನ್ನನ್ನು ಹೆಚ್ಚು ಕಾಡುವುದು ಈ ಎರಡನೆಯದೇ. ಯಾವುದನ್ನು ಅಳಿಸಲೆಂದು ಪ್ರಾಣವನ್ನೇ ಪಣಕ್ಕಿಟ್ಟನೋ ಅದಕ್ಕಾಗಿಯೇ ಮನಸ್ಸು ಚಡಪಡಿಸುತ್ತಿದೆ ಎಂದು ಅವನು ಯಾರ ಬಳಿ ಹೇಳಿಕೊಂಡಾನು? ಆ ಬೆಟ್ಟದವರೆಗೂ ಜೊತೆಗೆ ನಡೆದ ಗೆಳೆಯ ಸ್ಯಾಮ್‌ನಂಥ ಸ್ಯಾಮ್‌ನ ಬಳಿಯೂ ಆಡಲಾಗದ ಮಾತದು.

ಊರಾದ ಷೈರ್‌ಗೆ ಮರಳಿದ ಮರುವರ್ಷ, ಮಾರ್ಚ್ 13ರಂದು, ಅಂದರೆ ಶೆಲೋಬ್ ಎಂಬ ಹೆಮ್ಮಾರಿ ಜೇಡ ಅವನನ್ನು ಕುಟುಕಿ ಸರಿಯಾಗಿ ಒಂದು ವರ್ಷಕ್ಕೆ, ಕಾಟನ್ ಎಂಬ ರೈತ ಅವನನ್ನು ಹಾಸಿಗೆಯ ಮೇಲೆ ಕಾಣುತ್ತಾನೆ. ಕೊರಳ ಸರದಲ್ಲಿನ ಬಿಳಿಯ ಹರಳನ್ನು ಬಿಗಿಯಾಗಿ ಹಿಡಿದುಕೊಂಡು, ಅರ್ಧ ಕನಸಿನಲ್ಲಿದ್ದವನಂತೆ, ಅದು ಶಾಶ್ವತವಾಗಿ ಹೋಯಿತು, ಈಗ ಎಲ್ಲವೂ ಕತ್ತಲು, ಬರಿದು ಎಂದು ಫ್ರೋಡೊ ಹೇಳುತ್ತಾನೆ. ಸ್ಯಾಮ್ ಆಗ ಊರಲ್ಲಿರಲಿಲ್ಲ. ಅವನು ಬಂದದ್ದು 25ರಂದು, ಉಂಗುರ ಬೆಂಕಿಗೆ ಬಿದ್ದು ವರ್ಷ ತುಂಬಿದ ದಿನ. ಅಷ್ಟರಲ್ಲಿ ಫ್ರೋಡೊ ಎದ್ದು ಓಡಾಡುವಂತಾಗಿದ್ದ; ತನ್ನ ಬಗ್ಗೆ ಅವನಿಗೆ ಏನನ್ನೂ ಹೇಳಲಿಲ್ಲ.