ರೂಪಾಯಿಗೆ ನಾಲ್ಕು ಪೈ

ನಮ್ಮೂರ ಶಾಲೆಯ ಸ್ಮರಣ ಸಂಚಿಕೆಗೆ ನೆನಪು ಬರೆದುಕೊಡಿ ಎಂದು ಮುಖ್ಯೋಪಾಧ್ಯಾಯಿನಿಯವರು ಕೇಳಿದಾಗ, ಮೊದಲು ಹಳೆಯ ದಾಖಲಾತಿ ರಜಿಸ್ಟರ್ ತೋರಿಸಿ ಎಂದು ನಾನು ಹಟ ಹಿಡಿದೆ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದವನಿಗೆ ಸ್ವಂತ ನೆನಪಿಗಿಂತ ದಫ್ತರದ ಮೇಲೆ ನಂಬಿಕೆ ಹೆಚ್ಚು. "ಕಾಕಾ, ಧೂಳು ಬಹಳ ಇದೆ, ಮೂಗಿಗೆ ಟವೆಲ್ ಕಟ್ಟಿಕೊಳ್ಳಿ" ಎಂದು ಅವರೇ ಕಪಾಟಿನ ಬೀಗ ತೆಗೆದರು. ಮೊದಲ ಪುಟಗಳನ್ನು ಗೆದ್ದಲು ತಿಂದಿದೆ. ಓದಲು ಬರುವ ಮೊದಲ ವರ್ಷ 1908.

ನಾನು ಸೇರಿದ್ದು 1954ರಲ್ಲಿ. ಆಗ ನಮ್ಮ ನವಲಗುಂದ ತಾಲೂಕು ಮುಂಬಯಿ ರಾಜ್ಯದಲ್ಲಿತ್ತು. 1956ರ ನವೆಂಬರಿನಲ್ಲಿ ಅದೇ ಮಣೆಯ ಮೇಲೆ ಕುಳಿತಂತೆಯೇ ನಾವು ಮೈಸೂರು ರಾಜ್ಯದವರಾದೆವು. ರಾಜ್ಯ ಬದಲಾದರೂ ಮಗ್ಗಿ ಬದಲಾಗಲಿಲ್ಲ. ಪಾವಕಿ, ನಿಮ್ಮಕಿ, ಸವಾಯಕಿ, ದೀಡಕಿ ಎಂದು ಸಂಜೆ ಎಲ್ಲರೂ ಕೂಡಿ ಕೂಗುತ್ತಿದ್ದೆವು. ಕಾಲು, ಅರ್ಧ, ಒಂದೂಕಾಲು, ಒಂದೂವರೆಯ ಈ ಮಗ್ಗಿಗಳು ಇಂದಿಗೂ ನನ್ನ ಬಾಯಲ್ಲಿವೆ. ಬ್ಯಾಂಕಿನಲ್ಲಿ ಬಡ್ಡಿ ಹಾಕುವಾಗ ಯಂತ್ರಕ್ಕಿಂತ ಅವೇ ಬೇಗ ಬರುತ್ತಿದ್ದವು. ರಜಿಸ್ಟರಿನಲ್ಲಿ ನನ್ನ ಇಯತ್ತೆಯ, ಅಂದರೆ ತರಗತಿಯ, ಇಪ್ಪತ್ತೇಳು ಹುಡುಗರ ಪೈಕಿ ಹತ್ತೊಂಬತ್ತು ಮಂದಿ ಹುಟ್ಟಿದ್ದು ಜೂನ್ 1ರಂದು. ಕಾರಹುಣ್ಣಿಮೆಯ ಆಸುಪಾಸು ಎಂದು ತಾಯಂದಿರು ಹೇಳಿದ್ದನ್ನೆಲ್ಲ ಮಾಸ್ತರರು ಒಂದೇ ತಾರೀಖಿಗೆ ಕಟ್ಟಿದ್ದರು. ನನ್ನ ಪಿಂಚಣಿಯೂ ಆ ತಾರೀಖಿನ ಮೇಲೆಯೇ ನಿಂತಿದೆ.

ನಾನು ಹುಡುಕುತ್ತಿದ್ದದ್ದು ಅಜ್ಜನ ಹೆಸರನ್ನು. ಅವನೂ ಇದೇ ಶಾಲೆಯಲ್ಲಿ ಓದಿದವನು. ಓದಿದವನು ಎಂದರೆ, ಬಿನ್ನೆತ್ತೆಯಿಂದ (ಒಂದನೆಯ ಇಯತ್ತೆಗೂ ಮೊದಲಿನ ತರಗತಿ) ಮೂರನೆಯ ಇಯತ್ತೆಯವರೆಗೆ. ಅವನ ಕಾಲಕ್ಕೆ ಕಟ್ಟಡವಿರಲಿಲ್ಲ. ಹನುಮಪ್ಪನ ಗುಡಿಯ ಪಡಸಾಲೆಯೇ ಶಾಲೆ. ಜಾತ್ರೆ ಬಂದರೆ ಶಾಲೆ ಚಾವಡಿಗೆ, ಚಾವಡಿಗೆ ಮಾಮಲೇದಾರರು ಬಂದರೆ ಬೇವಿನ ಮರದ ಕೆಳಗೆ. ಪ್ಲೇಗು ಬಿದ್ದ ವರ್ಷ ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಾಗ ಮಾಸ್ತರರೂ ಕರಿಹಲಗೆ ಹೊತ್ತುಕೊಂಡು ಹಿಂದೆಯೇ ಹೋದರಂತೆ. ಕಣದಲ್ಲಿ ನಡೆದ ಆ ಶಾಲೆಯೇ ಎಲ್ಲಕ್ಕಿಂತ ಚೆನ್ನಾಗಿತ್ತು, ಉಸುಕು ತರುವ ಕೆಲಸವಿರಲಿಲ್ಲ, ನೆಲದ ಮಣ್ಣಿನಲ್ಲೇ ಬೆರಳಾಡಿಸಿ ತಿದ್ದುತ್ತಿದ್ದೆವು ಎನ್ನುತ್ತಿದ್ದ ಅಜ್ಜ.

ಮಾಸ್ತರರು ಮುಲ್ಕಿ (ಏಳನೆಯ ಇಯತ್ತೆಯ ಕೊನೆಯ ಪರೀಕ್ಷೆ) ಪಾಸಾದವರು, ಧಾರವಾಡದ ಟ್ರೇನಿಂಗ್ ಕಾಲೇಜಿನ ಮುಖ ನೋಡಿದವರಲ್ಲ. ನಾಲ್ಕು ಇಯತ್ತೆಗೂ ಒಬ್ಬರೇ. ಜೊತೆಗೆ ಊರಿನ ಅಂಚೆ ಕಚೇರಿಯೂ ಅವರ ತಲೆಯ ಮೇಲೆಯೇ. ಆ ಕಾಲದಲ್ಲಿ ಹಳ್ಳಿಯ ಶಾಲಾ ಮಾಸ್ತರರಿಗೇ ಸಣ್ಣ ಭತ್ಯೆ ಕೊಟ್ಟು ಅಂಚೆಯ ಕೆಲಸ ಒಪ್ಪಿಸುವುದು ಸಾಮಾನ್ಯವಾಗಿತ್ತು. ಟಪಾಲು ಚೀಲ ಬಂದ ಹೊತ್ತಿಗೆ ಪಾಠ ನಿಲ್ಲುತ್ತಿತ್ತು. ಕಾಗದ ಬಂದವರಿಗೆ ಅದನ್ನು ಓದಿ ಹೇಳುವುದೂ ಅವರೇ, ಉತ್ತರ ಬರೆಯುವುದೂ ಅವರೇ. ಊರಿನ ಅರ್ಧ ಗುಟ್ಟುಗಳು ಮೂರನೆಯ ಇಯತ್ತೆಯ ಹುಡುಗರಿಗೆ ಗೊತ್ತಿದ್ದವು ಎಂದು ಅಜ್ಜ ಕಣ್ಣು ಕಿರಿದಾಗಿಸಿ ನಗುತ್ತಿದ್ದ.

ಇದಕ್ಕೆಲ್ಲ ದುಡ್ಡು ಎಲ್ಲಿಂದ ಬರುತ್ತಿತ್ತು? ಶಾಲೆಯನ್ನು ಬ್ರಿಟಿಷ್ ಸರ್ಕಾರ ನಡೆಸುತ್ತಿತ್ತು ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಲೆಕ್ಕದವನಾದ ನನಗೆ ಆ ಮಾತು ಹಿಡಿಸುವುದಿಲ್ಲ. ಮುಂಬಯಿ ಇಲಾಖೆಯಲ್ಲಿ, ಅಂದರೆ ಆಗಿನ ಮುಂಬಯಿ ಪ್ರಾಂತ್ಯದಲ್ಲಿ, ರೈತನು ಒಂದು ರೂಪಾಯಿ ಭೂಕಂದಾಯ ಕಟ್ಟಿದರೆ ಅದರ ಮೇಲೆ ಒಂದಾಣೆ 'ಲೋಕಲ್ ಫಂಡ್' ಕಟ್ಟಬೇಕಿತ್ತು. ಆ ಆಣೆಯ ಮೂರರಲ್ಲಿ ಎರಡು ಪಾಲು ರಸ್ತೆ, ಬಾವಿಯಂಥ ಕೆಲಸಗಳಿಗೆ, ಒಂದು ಪಾಲು ಶಾಲೆಗಳಿಗೆ. ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ. ಅಂದರೆ ರೂಪಾಯಿಗೆ ನಾಲ್ಕು ಪೈ. ನಮ್ಮ ಮುತ್ತಜ್ಜನಿಗೆ ನಾಲ್ಕು ಕೂರಿಗೆ ಎರೆ ಹೊಲ, ವರ್ಷಕ್ಕೆ 24 ರೂಪಾಯಿ ಕಂದಾಯ. ಲೋಕಲ್ ಫಂಡ್ ಒಂದೂವರೆ ರೂಪಾಯಿ. ಅದರಲ್ಲಿ ಶಾಲೆಗೆ ಎಂಟಾಣೆ. ಮಾಸ್ತರರ ಸಂಬಳ ತಿಂಗಳಿಗೆ 12 ರೂಪಾಯಿ ಎಂದು ಹಿಡಿದರೆ, ವರ್ಷಕ್ಕೆ 144 ರೂಪಾಯಿ ಹೊಂದಿಸಲು ಮುತ್ತಜ್ಜನಂಥ 288 ರೈತರು ಬೇಕು. ನಮ್ಮೂರಿನಲ್ಲಿ ಆಗ ಅಷ್ಟು ಮನೆಗಳೇ ಇರಲಿಲ್ಲ. ಉಳಿದದ್ದನ್ನು ಸರ್ಕಾರದ ಅನುದಾನ ತುಂಬುತ್ತಿತ್ತು, ನಿಜ. ಅದೂ ಯಾರ ಹೊಲದಿಂದ ಬಂದದ್ದು ಎಂದು ಕೇಳಬಹುದು, ಆದರೆ ಆ ಜಗಳಕ್ಕೆ ಇದು ಜಾಗವಲ್ಲ.

ಫೀ ಬೇರೆ ಇತ್ತು. ಲೋಕಲ್ ಫಂಡ್ ಕಟ್ಟುವವರ ಮಕ್ಕಳಿಗೆ ಕಡಿಮೆ, ಕಟ್ಟದವರ ಮಕ್ಕಳಿಗೆ ಹೆಚ್ಚು. ಕಾಗದದ ಮೇಲೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಕಟ್ಟದವನು ಯಾರು? ಹೊಲವಿಲ್ಲದ ನೇಕಾರ, ಬಡಿಗ, ಕೂಲಿ. ಹೊಲವಿಲ್ಲದ್ದಕ್ಕೇ ಅವನ ಮಗನಿಗೆ ಹೆಚ್ಚಿನ ಫೀ.

ಇನ್ನೊಂದು ಸಂಗತಿಯನ್ನು ಅಜ್ಜ ಒಂದೇ ಸಲ ಹೇಳಿದ್ದು, ಅದೂ ನಾನು ಒತ್ತಾಯ ಮಾಡಿದ್ದಕ್ಕೆ. ಕೇರಿಯ ಇಬ್ಬರು ಹುಡುಗರು ಗುಡಿಯ ಹೊರಗೆ, ಕಟ್ಟೆಯ ಕೆಳಗೆ ಬಿಸಿಲಿನಲ್ಲಿ ಕುಳಿತಿರುತ್ತಿದ್ದರು. ಲೆಕ್ಕ ಮಾಡಿದ ಮೇಲೆ ಪಾಟಿಯನ್ನು ನೆಲದ ಮೇಲಿಟ್ಟು ಹಿಂದೆ ಸರಿಯಬೇಕು. ಮಾಸ್ತರರು ಕಟ್ಟೆಯ ಮೇಲಿಂದ ಬಗ್ಗಿ ನೋಡಿ, ಸರಿ ಅಥವಾ ತಪ್ಪು ಎನ್ನುತ್ತಿದ್ದರು. ಎಲ್ಲಿ ತಪ್ಪಿದೆ ಎಂದು ಬಳಪದಿಂದ ಗೀರಿ ತೋರಿಸುತ್ತಿರಲಿಲ್ಲ, ಪಾಟಿ ಮುಟ್ಟಬೇಕಾಗುತ್ತಿತ್ತಲ್ಲ. "ಅವರಲ್ಲೊಬ್ಬ ನನಗಿಂತ ಜಾಣನಿದ್ದ" ಎಂದ ಅಜ್ಜ ಆಮೇಲೆ ಎಲೆ ಅಡಿಕೆಯ ಚಂಚಿ ಬಿಚ್ಚಿದ. ಸಾರ್ವಜನಿಕ ಹಣದಲ್ಲಿ ನಡೆಯುವ ಬಾವಿ, ಧರ್ಮಶಾಲೆ, ಶಾಲೆಗಳು ಅಸ್ಪೃಶ್ಯರೆನಿಸಿಕೊಂಡವರಿಗೂ ತೆರೆದಿರಬೇಕು ಎಂದು ಎಸ್. ಕೆ. ಬೋಲೆಯವರ ಠರಾವು ಮುಂಬಯಿ ವಿಧಾನ ಪರಿಷತ್ತಿನಲ್ಲಿ ಅಂಗೀಕಾರವಾದದ್ದು 1923ರಲ್ಲಿ. ನಮ್ಮೂರಿನ ಕಟ್ಟೆ ಹತ್ತಲು ಅದಕ್ಕೆ ಎಷ್ಟು ವರ್ಷ ಹಿಡಿಯಿತೋ. ನನ್ನ ಕಾಲಕ್ಕೆ ಎಲ್ಲರೂ ಒಳಗೇ ಕೂಡುತ್ತಿದ್ದೆವು, ಆದರೆ ನೀರಿನ ಗಡಿಗೆಯಿಂದ ತಾವೇ ತೆಗೆದುಕೊಂಡು ಕುಡಿಯದ ಹುಡುಗರು ನನ್ನ ಇಯತ್ತೆಯಲ್ಲೂ ಇದ್ದರು. ಬೊಗಸೆಗೆ ನೀರು ಹಾಕುವ ಪಾಳಿ ನನಗೂ ಬರುತ್ತಿತ್ತು. ಅದರಲ್ಲಿ ತಪ್ಪೇನಿದೆ ಎಂದು ಆಗ ಹೊಳೆದಿರಲಿಲ್ಲ.

1923ರಲ್ಲಿಯೇ ಮುಂಬಯಿಯ ಪ್ರಾಥಮಿಕ ಶಿಕ್ಷಣ ಕಾಯಿದೆಯೂ ಬಂತು. ಶಾಲೆಗಳ ಆಡಳಿತ ಜಿಲ್ಲಾ ಲೋಕಲ್ ಬೋರ್ಡಿನ ಸ್ಕೂಲ್ ಬೋರ್ಡಿಗೆ ಹೋಯಿತು. ಮಾಸ್ತರರ ವರ್ಗಾವಣೆಗೆ ಯಾರ ಮನೆಯ ಮುಂದೆ ನಿಲ್ಲಬೇಕು ಎಂಬುದು ಮಾತ್ರ ಬದಲಾಯಿತು ಎಂದು ನಮ್ಮಪ್ಪ ಹೇಳುತ್ತಿದ್ದ.

ರಜಿಸ್ಟರಿನ ಜೊತೆಗೆ ಷರಾ ಪುಸ್ತಕವೂ ಸಿಕ್ಕಿತು. ಡಿಪೋಟಿ ಸಾಹೇಬರು, ಅಂದರೆ ಶಾಲಾ ತಪಾಸಣೆಯ ಅಧಿಕಾರಿಗಳು, ಬಂದು ಬರೆದ ಮಾತುಗಳು ಬಹುತೇಕ ಒಂದೇ: ಹಾಜರಿ ಕಡಿಮೆ, ಕಾರಣ ಸುಗ್ಗಿ, ಹಾಜರಿ ಕಡಿಮೆ, ಕಾರಣ ಹತ್ತಿ ಬಿಡಿಸುವುದು, ಹಾಜರಿ ಕಡಿಮೆ, ಕಾರಣ ಬೆಣ್ಣೆಹಳ್ಳ ಬಂದಿದೆ. ಒಂದು ಕಡೆ ಮಾತ್ರ, ಮಾಸ್ತರರು ಹೊಲಗಳಿಗೆ ಹೋಗಿ ಹುಡುಗರನ್ನು ಕರೆತರುವ ರೂಢಿ ಇಟ್ಟುಕೊಂಡಿದ್ದಾರೆ, ಅದರಿಂದ ಅಂಚೆಯ ಕೆಲಸಕ್ಕೆ ತಡವಾಗುತ್ತಿದೆ ಎಂದಿದೆ. ಹೊಗಳಿಕೆಯೋ ದೂರೋ ತಿಳಿಯುವುದಿಲ್ಲ.

ಕೊನೆಗೆ ಅಜ್ಜನ ಹೆಸರು ಸಿಕ್ಕಿತು. ದಾಖಲಾದದ್ದು 1911. ಶಾಲೆ ಬಿಟ್ಟದ್ದು 1915. ಮಾಸ್ತರರ ಛಡಿ ಏಟಿಗೆ ಹೆದರಿ ಓಡಿಹೋದೆ, ಒಂದು ವಾರ ಜೋಳದ ಹೊಲದಲ್ಲಿ ಅಡಗಿದ್ದೆ ಎಂದು ಅವನು ನಮಗೆ ನೂರು ಸಲ ಹೇಳಿ ನಗಿಸಿದ್ದ. ಬಿಟ್ಟ ಕಾರಣದ ಮನೆಯಲ್ಲಿ, ಮಸಿ ಕಂದಿದ್ದರೂ ಸ್ಪಷ್ಟವಾಗಿ, "ಎತ್ತು ಸತ್ತದ್ದರಿಂದ" ಎಂದಿದೆ. ಒಂಟಿ ಎತ್ತಿನವನಿಗೆ ನೆರೆಯವರು ಜೊತೆ ಎತ್ತು ಕೊಟ್ಟರೆ ಅವರ ದನ ಕಾಯಲು ಮನೆಯ ಹುಡುಗನನ್ನು ಕಳುಹಿಸುವುದಿತ್ತು. ಹಾಗೆಯೇ ಆಗಿರಬೇಕು. ಹತ್ತು ವರ್ಷದ ಹುಡುಗ ಏಟಿಗೆ ಹೆದರಿ ಓಡಿದ ಕಥೆಯನ್ನು ಯಾವಾಗ ಕಟ್ಟಿಕೊಂಡನೋ, ಅರವತ್ತು ವರ್ಷ ಅದನ್ನು ಬಿಡಲಿಲ್ಲ.

ಮನೆಗೆ ಬಂದು ಟ್ರಂಕಿನಲ್ಲಿದ್ದ ಮುತ್ತಜ್ಜನ ಪಾವತಿ ಪುಸ್ತಕ ತೆಗೆದೆ. ನಮ್ಮಪ್ಪ ಬಿನ್ನೆತ್ತೆಗೆ ಸೇರಿದ್ದು 1933ರಲ್ಲಿ. ನಡುವಿನ ಹದಿನೆಂಟು ವರ್ಷ ನಮ್ಮ ಮನೆಯಿಂದ ಯಾರೂ ಶಾಲೆಗೆ ಹೋಗಿಲ್ಲ. 1916ರ ಹಾಳೆಯಲ್ಲಿ ಕಂದಾಯ 24 ರೂಪಾಯಿ. ಅದರ ಕೆಳಗೆ ಲೋಕಲ್ ಫಂಡ್, ಒಂದೂವರೆ ರೂಪಾಯಿ, ಮುಟ್ಟಿದೆ.