ಕೆಂಪು ನೀರು ಕೆಂಪಾಗಿಯೇ ಹರಿಯುವುದು ಯಾಕೆ?

ಮಳೆ ಬಂದ ಮೇಲೆ ಹೊಳೆ ಯಾಕೆ ಕೆಂಪಾಗುತ್ತದೆ ಅಂತ ಕೇಳಿದರೆ "ನೀರು ಮಣ್ಣನ್ನು ಎಳೆದುಕೊಂಡು ಹೋಗುತ್ತೆ" ಅನ್ನುತ್ತಾರೆ. ಈ ಉತ್ತರದಿಂದ ನನಗೆ ಯಾವತ್ತೂ ಸಮಾಧಾನವಾಗಿಲ್ಲ. ನೀರು ಹೋಗುವುದು ಮುಂದಕ್ಕೆ, ಮಣ್ಣು ಬೀಳುವುದು ಕೆಳಕ್ಕೆ. ಮುಂದಕ್ಕೆ ತಳ್ಳಿದರೆ ಬೀಳುವುದು ನಿಲ್ಲುತ್ತದಾ?

ನಿಂತ ನೀರಿನ ವಿಷಯ ಸುಲಭ. ನನ್ನ ಮೇಜಿನ ಮೇಲೆ ಒಂದು ಗಾಜಿನ ಬಾಟಲಿ ಇದೆ. ಒಳಗೆ ನೀರು, ಒಂದಿಷ್ಟು ಮಣ್ಣು. ಮನೆಯವರ ಕಣ್ಣಿಗೆ ಅದು ಕಸ. ಫೋನಿನಲ್ಲಿ ಮಾತಾಡುವಾಗ ಸುಮ್ನೆ ಅಲ್ಲಾಡಿಸಿ ಇಡುತ್ತೇನೆ. ಆಚೆಯವರು ಹಲೋ ಅನ್ನುವಷ್ಟರಲ್ಲಿ ದಪ್ಪ ಮರಳು ತಳ ಸೇರಿರುತ್ತದೆ. 0.01 ಮಿ.ಮೀ. ಗಾತ್ರದ ಹೂಳಿನ ಕಣ 10 ಸೆಂ.ಮೀ. ಇಳಿಯಲು ಸುಮಾರು 18 ನಿಮಿಷ ಬೇಕು. ಅದರ ಹತ್ತನೇ ಒಂದು ಭಾಗದಷ್ಟಿರುವ ಜೇಡಿ ಕಣಕ್ಕೆ ಒಂದು ದಿನಕ್ಕಿಂತ ಜಾಸ್ತಿ. ಗಾತ್ರ ಹತ್ತು ಪಟ್ಟು ಕಡಿಮೆಯಾದರೆ ವೇಗ ನೂರು ಪಟ್ಟು ಕಡಿಮೆ. ಇದು ಜಾರ್ಜ್ ಸ್ಟೋಕ್ಸ್ ಎಂಬ ವಿಜ್ಞಾನಿ 1851ರಲ್ಲಿ ಕೊಟ್ಟ ಸೂತ್ರ. ದಪ್ಪ ಮರಳಿಗೆ ಮಾತ್ರ ಇದನ್ನು ಹಾಕಬೇಡಿ, ಲೆಕ್ಕ ಕೆಡುತ್ತದೆ.

ಹರಿಯುವ ನೀರಿನಲ್ಲಿ ಸುಳಿಗಳಿರುತ್ತವೆ. ಅವು ಮೇಲಕ್ಕೂ ಹೋಗುತ್ತವೆ, ಕೆಳಕ್ಕೂ ಬರುತ್ತವೆ. ಏರಿದಷ್ಟೇ ನೀರು ಇಳಿಯಲೂ ಬೇಕು. ಹಾಗಾದರೆ ಮಣ್ಣಿಗೆ ಆದ ಲಾಭವೇನು? ನಾನು ಬಹಳ ದಿನ ಸಿಕ್ಕಿಕೊಂಡಿದ್ದು ಇಲ್ಲೇ. ಬಿಡಿಸಿದ್ದು ಒಂದು ಸಣ್ಣ ಸಂಗತಿ: ತಳದ ಹತ್ತಿರ ಮಣ್ಣು ಜಾಸ್ತಿ, ಮೇಲೆ ಕಡಿಮೆ. ಏರುವ ಸುಳಿ ಮಣ್ಣು ತುಂಬಿಕೊಂಡು ಏರುತ್ತದೆ. ಇಳಿಯುವ ಸುಳಿ ಅದಕ್ಕಿಂತ ಕಡಿಮೆ ಮಣ್ಣು ಹೊತ್ತುಕೊಂಡು ಇಳಿಯುತ್ತದೆ. ನೀರು ಎರಡೂ ಕಡೆ ಸಮ, ಮಣ್ಣು ಮಾತ್ರ ಮೇಲಕ್ಕೆ ಹೆಚ್ಚು. ಆ ಹೆಚ್ಚುವರಿಯೂ ಭಾರಕ್ಕೆ ಬೀಳುವ ಮಣ್ಣೂ ಸರಿಹೋದರೆ ಹೊಳೆ ಕೆಂಪಾಗಿಯೇ ಉಳಿಯುತ್ತದೆ. ಅಂದರೆ ಯಾವ ಕಣವೂ ತೇಲುತ್ತಿಲ್ಲ. ಎಲ್ಲವೂ ತನ್ನ ಸುತ್ತಲಿನ ನೀರಿನೊಳಗೆ ಬೀಳುತ್ತಲೇ ಇವೆ!

ಕಣ ಬೀಳುವ ವೇಗಕ್ಕೂ ಸುಳಿಗಳ ಜೋರಿಗೂ ಇರುವ ಅನುಪಾತದಿಂದ ಯಾವ ಆಳದಲ್ಲಿ ಎಷ್ಟು ಮಣ್ಣಿರುತ್ತದೆ ಅಂತ ಲೆಕ್ಕ ಹಾಕಬಹುದು. 1937ರಲ್ಲಿ ಹಂಟರ್ ರೌಸ್ ಎಂಬ ಎಂಜಿನಿಯರ್ ಇದನ್ನು ತೋರಿಸಿದರು. ಜೇಡಿ ಮೇಲಿನಿಂದ ಕೆಳಗಿನವರೆಗೆ ಹೆಚ್ಚುಕಡಿಮೆ ಒಂದೇ ಸಮ ಹರಡಿರುತ್ತದೆ. ದಪ್ಪ ಮರಳು ತಳದಲ್ಲೇ ಉರುಳುತ್ತಾ, ಕುಪ್ಪಳಿಸುತ್ತಾ ಸಾಗುತ್ತದೆ. ಮೇಲಿನಿಂದ ಒಂದು ಚೆಂಬು ನೀರು ಮೊಗೆದು "ಇದರಲ್ಲಿ ಮರಳೇ ಇಲ್ಲ" ಅನ್ನುವವರ ಜೊತೆ ಅದಕ್ಕೇ ನನ್ನ ಜಗಳ.

ಒಮ್ಮೆ ಕೂತ ಮಣ್ಣನ್ನು ಎಬ್ಬಿಸುವುದು ಬೇರೆಯೇ ಕಥೆ. ಸಣ್ಣ ಕಣ ಸುಲಭವಾಗಿ ಏಳಬೇಕು ಅಲ್ವಾ? ಏಳುವುದಿಲ್ಲ. ಜೇಡಿ ಕಣಗಳು ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾದರೆ, ಸಣ್ಣ ಮರಳನ್ನು ಎಬ್ಬಿಸುವುದಕ್ಕಿಂತ ಜೋರಾದ ಹರಿವು ಬೇಕು. ಹಾಗಾಗಿ ಅಣೆಕಟ್ಟಿನ ಹಿಂದೆ ಕೂತ ಹೂಳನ್ನು ಗೇಟು ತೆಗೆದು ತೊಳೆದುಬಿಡಬಹುದು ಅನ್ನುವ ಮಾತನ್ನು ನಾನು ಅಷ್ಟು ಬೇಗ ಒಪ್ಪುವುದಿಲ್ಲ. ಸಾಮಾನ್ಯವಾಗಿ ನೀರು ಹೂಳಿನ ನಡುವೆ ಒಂದು ಕಿರಿದಾದ ಕಾಲುವೆ ಕೊರೆದುಕೊಂಡು ಹೋಗುತ್ತದೆ. ಅಕ್ಕಪಕ್ಕದ ಹೂಳು ಬಹುಪಾಲು ಅಲ್ಲೇ ಉಳಿಯುತ್ತದೆ.