ಇಸಿ ಮೀಟರ್ ಮತ್ತು ಆ 1413ರ ಬಾಟಲಿ

ನಮ್ಮ ಮಣ್ಣು-ನೀರು ಪರೀಕ್ಷಾ ಲ್ಯಾಬಿನಲ್ಲಿ ಕಿಟಕಿ ಪಕ್ಕದ ಮೇಜಿನ ಮೇಲೆ ಒಂದು ಇಸಿ (ವಿದ್ಯುತ್ ವಾಹಕತೆ) ಮೀಟರ್ ಇದೆ. ನೀರಿನಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ಅಳೆಯುವ ಯಂತ್ರ. ಉಪ್ಪಿನಂಶ ಜಾಸ್ತಿ ಇದ್ದಷ್ಟೂ ಅಂಕಿ ಮೇಲೇರುತ್ತದೆ. ಸಕ್ಕರೆ ಕರಗಿಸಿದರೆ ಹೆಚ್ಚುಕಡಿಮೆ ಅಲ್ಲಾಡುವುದೇ ಇಲ್ಲ, ಯಾಕಂದರೆ ಸಕ್ಕರೆ ಉಪ್ಪಿನ ಹಾಗೆ ಕರೆಂಟ್ ಒಯ್ಯುವ ಕಣಗಳಾಗಿ, ಅಂದರೆ ಅಯಾನುಗಳಾಗಿ, ಒಡೆಯುವುದಿಲ್ಲ. ಯಾವ ಉಪ್ಪು ಅಂತ ಮಾತ್ರ ಅದು ಹೇಳಲ್ಲ, ಒಟ್ಟು ಎಷ್ಟು ಅನ್ನುವುದರ ಅಂದಾಜು ಕೊಡುತ್ತದೆ, ಅಷ್ಟೇ.

ಕಳೆದ ವರ್ಷ ರಾಯಚೂರು ಕಡೆಯ ರೈತರೊಬ್ಬರು ಬೋರ್‌ವೆಲ್ ನೀರು ತಂದಿದ್ದರು. "ಮೆಣಸಿನಕಾಯಿ ಹಚ್ಚಬಹುದೇನ್ರಿ ಸರ?" ಅಂತ ಕೇಳಿದರು. ಇಸಿ 2.7 ಬಂತು (ಸೆಂಟಿಮೀಟರಿಗೆ 2.7 ಮಿಲಿಸೀಮೆನ್ಸ್, ಅಂದರೆ 2700 ಮೈಕ್ರೋಸೀಮೆನ್ಸ್). ಜಾಸ್ತಿನೇ, ಆದರೂ ಹುಷಾರಾಗಿ ನೀರು ಕೊಟ್ಟರೆ ನಡೆಯಬಹುದು ಅಂದೆ.

ಅದಾಗಿ ಎರಡು ವಾರಕ್ಕೆ ಹೊಸ ಸ್ಟ್ಯಾಂಡರ್ಡ್ ದ್ರಾವಣ ಮಾಡಿದೆವು, ಅಂದರೆ ಮೀಟರನ್ನು ಸರಿಹೊಂದಿಸಲು ಬಳಸುವ, ಅಂಕಿ ಮೊದಲೇ ಗೊತ್ತಿರುವ ದ್ರಾವಣ. ಒಣಗಿಸಿದ ಪೊಟ್ಯಾಸಿಯಂ ಕ್ಲೋರೈಡ್ 0.7455 ಗ್ರಾಂ ತೂಗಿ, ಒಳ್ಳೆಯ ಡಿಸ್ಟಿಲ್ಡ್ ನೀರಿನಲ್ಲಿ ಸರಿಯಾಗಿ ಒಂದು ಲೀಟರ್ ಮಾಡಿದರೆ 25 ಡಿಗ್ರಿಯಲ್ಲಿ ಅದು ಸೆಂಟಿಮೀಟರಿಗೆ 1413 ಮೈಕ್ರೋಸೀಮೆನ್ಸ್ ತೋರಿಸಬೇಕು. ನಮ್ಮ ಮೀಟರ್ 1248 ತೋರಿಸಿತು. ಮೊದಲು ಮೀಟರೇ ಕೆಟ್ಟಿದೆ ಅಂದುಕೊಂಡೆವು. ಪ್ರೋಬ್ (ನೀರಿಗೆ ಅದ್ದುವ ಮೀಟರಿನ ಕಡ್ಡಿ) ತೊಳೆದೆವು, ತಾಪಮಾನ ನೋಡಿದೆವು (ಒಂದು ಡಿಗ್ರಿ ಏರಿದರೆ ಅಂಕಿ ಸುಮಾರು 2 ಪರ್ಸೆಂಟ್ ಏರುತ್ತದೆ, ನಮ್ಮ ಬೇಸಿಗೆಯಲ್ಲಿ ಇದನ್ನು ಮರೆಯುವ ಹಾಗೇ ಇಲ್ಲ), ಮತ್ತೆ ಅದೇ 1248.

ಕೆಟ್ಟಿದ್ದು ಮೀಟರ್ ಅಲ್ಲ, ಅಲ್ಲಿಯವರೆಗೆ ಬಳಸುತ್ತಿದ್ದ ಹಳೇ ಸ್ಟ್ಯಾಂಡರ್ಡ್ ದ್ರಾವಣದ ಬಾಟಲಿ. ಮಣ್ಣಿನ ಸ್ಯಾಂಪಲ್‌ನಿಂದ ತೆಗೆದ ಪ್ರೋಬನ್ನು ಸರಿಯಾಗಿ ತೊಳೆಯದೆ ಸೀದಾ ಆ ಬಾಟಲಿಗೇ ಅದ್ದುತ್ತಿದ್ದೆವು, ಉಳಿದದ್ದನ್ನು ವಾಪಸ್ ಅದಕ್ಕೇ ಸುರಿಯುತ್ತಿದ್ದೆವು, ಮುಚ್ಚಳ ತೆಗೆದೇ ಇರುತ್ತಿತ್ತು. ತಿಂಗಳುಗಟ್ಟಲೆ ಉಪ್ಪು ಸೇರಿ ಸೇರಿ ಅದು 1600ರ ಹತ್ತಿರ ಹೋಗಿತ್ತು. ನಾವು ಅದನ್ನೇ 1413 ಅಂತ ನಂಬಿ ಮೀಟರಿಗೆ ಹೇಳಿಕೊಟ್ಟಿದ್ದೆವು. ಅಂದರೆ ಅಷ್ಟೂ ದಿನ ಎಲ್ಲರ ನೀರೂ ಇರುವುದಕ್ಕಿಂತ ಸಿಹಿಯಾಗಿ ಕಂಡಿತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ರಾಯಚೂರಿನ ಆ ರೈತರಿಗೆ ಫೋನ್ ಮಾಡಿ ನೀರು ಮತ್ತೆ ತರಿಸಿಕೊಂಡೆ. ಈ ಸಲ 3.1. ಮೂರು ದಾಟಿದ ನೀರು ಮೆಣಸಿನಕಾಯಿಗೆ, ಈರುಳ್ಳಿಗೆ ಆಗಿಬರುವುದಿಲ್ಲ, ಹತ್ತಿಯಾದರೆ ತಡೆದುಕೊಳ್ಳುತ್ತದೆ. ಅವರು ಇನ್ನೂ ಸಸಿ ಹಚ್ಚಿರಲಿಲ್ಲ. ತಪ್ಪು ನಮ್ಮದೇ ಅಂತ ಹೇಳಿದೆ, ರಿಪೋರ್ಟ್ ಬದಲಿಸಿ ಕೊಟ್ಟೆ. ಹಳೇ ರಿಜಿಸ್ಟರ್ ತೆಗೆದು ಉಳಿದವರಿಗೂ ಒಬ್ಬೊಬ್ಬರಿಗೆ ಫೋನ್ ಮಾಡಿದೆವು. ಕೆಲವರು ಆಗಲೇ ಬಿತ್ತಿದ್ದರು.

ಈಗ ದ್ರಾವಣವನ್ನು ಸಣ್ಣ ಬೀಕರಿಗೆ ಸುರಿದುಕೊಂಡೇ ಪ್ರೋಬ್ ಅದ್ದುತ್ತೇವೆ, ಉಳಿದದ್ದನ್ನು ಚೆಲ್ಲುತ್ತೇವೆ. ಬಾಟಲಿ ಮೇಲೆ ತಯಾರಿಸಿದ ತಾರೀಖು ಬರೆದಿದೆ. ಪ್ರೋಬಿನೊಳಗಿನ ಪ್ಲಾಟಿನಂ ತಟ್ಟೆಗಳ ಕಪ್ಪು ಲೇಪವನ್ನು ಬಟ್ಟೆಯಿಂದ ಒರೆಸಬೇಡಿ, ನೀರು ಹಾಯಿಸಿ ತೊಳೆದರೆ ಸಾಕು. ನಿಮ್ಮ ಲ್ಯಾಬಿನ ಸ್ಟ್ಯಾಂಡರ್ಡ್ ಬಾಟಲಿ ಯಾವಾಗಿನದು ಅಂತ ಇವತ್ತೇ ಒಮ್ಮೆ ನೋಡಿ.